ಶೂನ್ಯ ವೇಳೆಗೆ ನಾನು ಬರೆದ ಪೀಠಿಕೆ

ನಿವೃತ್ತನಾದ ಮೇಲೆ ಕುವೆಂಪುನಗರದಲ್ಲಿರುವ ನಮ್ಮ ಶಾಸಕರ ಕಚೇರಿಯಲ್ಲಿ ಪತ್ರ ಬರೆದುಕೊಡುವ ಕೆಲಸ ಹಿಡಿದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ವಿಧಾನಸಭೆಯ ಅಧಿವೇಶನ ಬಂತೆಂದರೆ ಶಾಸಕರಿಗಿಂತ ನನಗೇ ಸಡಗರ. ಶೂನ್ಯ ವೇಳೆಯಲ್ಲಿ, ಅಂದರೆ ತುರ್ತು ವಿಷಯಗಳಿಗೆಂದು ಸದನ ಬಿಟ್ಟುಕೊಡುವ ಆ ಚೂರು ಸಮಯದಲ್ಲಿ, ಅವರು ಓದುತ್ತಿದ್ದುದು ನನ್ನ ಬರಹವನ್ನು.

ಒಂದು ದಿನ ಮಂಡಿ ಮೊಹಲ್ಲಾದಿಂದ ಒಬ್ಬ ಹೆಂಗಸು ಬಂದರು. ಗಂಡನಿಗೆ ಕಿಡ್ನಿ ಕೈಕೊಟ್ಟಿತ್ತು. ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರಗಳು ಕೆಟ್ಟು, ವಾರಕ್ಕೆ ಮೂರು ಸಲ ಆಗಬೇಕಾದ್ದು ಒಂದೇ ಸಲಕ್ಕೆ ಇಳಿದಿತ್ತು.

"ಎಲ್ಲಾ ಕಡೆ ಅಲೆದ್ಬುಟ್ಟೆ ಸಾರ್. ಅಸೆಂಬ್ಲೀಲಿ ಒಂದ್ ಮಾತು ಕೇಳ್ಸಿ, ರಿಪೇರಿ ಆಯ್ತದೆ" ಅಂದರು.

ಅಂದೇ ಕುಳಿತು ಬರೆದೆ. ಆದರೆ ಮೈಸೂರಿನವನ ಚಾಳಿ ಎಲ್ಲಿ ಬಿಡುತ್ತದೆ? ಊರಿನ ಹೆಸರೆತ್ತಿದ ಮೇಲೆ ನಾಲ್ಕು ಮಾತು ಹೊಗಳದಿದ್ದರೆ ನಮಗೆ ತಿಂದ ಅನ್ನ ಅರಗುವುದಿಲ್ಲ. ಅರಮನೆ, ದಸರೆ, ಮಲ್ಲಿಗೆ, ದೇಶಕ್ಕೇ ಮಾದರಿಯಾದ ಸ್ವಚ್ಛತೆ, ಎಲ್ಲವೂ ಬಂತು. ಯಂತ್ರಗಳು ಎರಡನೆಯ ಪುಟದಲ್ಲಿದ್ದವು.

ಶುಕ್ರವಾರ ಆಕೆಯೂ ನಾನೂ ಕಚೇರಿಯ ಕಂಪ್ಯೂಟರಿನಲ್ಲಿ ನೇರಪ್ರಸಾರ ನೋಡುತ್ತ ಕುಳಿತೆವು. ಸಭಾಧ್ಯಕ್ಷರು ಎರಡೇ ನಿಮಿಷ ಕೊಟ್ಟರು. ನಮ್ಮ ಶಾಸಕರು ಪಾಪ, ಬರೆದುಕೊಟ್ಟದ್ದನ್ನು ಒಂದಕ್ಷರ ಬಿಡದೆ ಓದುವ ಸಂಭಾವಿತರು. ಮಲ್ಲಿಗೆ ಮುಗಿಸಿ ಸ್ವಚ್ಛತೆಗೆ ಬರುವಷ್ಟರಲ್ಲಿ ಸಭಾಧ್ಯಕ್ಷರು ನಕ್ಕು, "ಮೈಸೂರು ನಮಗೂ ಗೊತ್ತು ಕಣ್ರೀ, ವಿಷಯ ಹೇಳಿ" ಎಂದರು. ಇವರು ಗಾಬರಿಯಲ್ಲಿ ಪುಟ ಹುಡುಕುತ್ತಿದ್ದಂತೆ ಗಂಟೆ ಹೊಡೆಯಿತು. ಮುಂದಿನವರನ್ನು ಕರೆದರು.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಆಕೆ ನಾಲ್ಕು ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಬೈಯಲಿಲ್ಲ.

"ನಮ್ಮೂರ್ನ ಚೆನ್ನಾಗ್ ಹೇಳುದ್ರು ಸಾರ್. ನಮ್ ಯಜಮಾನ್ರ ವಿಚಾರ ಯಾವಾಗ ಬತ್ತದೆ?"

ಸದನ ಮತ್ತೆ ಸೇರುವುದು ಸೋಮವಾರ ಎಂದೆ. ತಪ್ಪು ಶಾಸಕರದಲ್ಲ, ನನ್ನದು ಎಂದೂ ಹೇಳಿದೆ. ಆಕೆ ಬೆರಳು ಮಡಚಿ ದಿನ ಎಣಿಸಿದರು.

"ಆಯ್ತು ಬುಡಿ ಸಾರ್. ಮೈಯಲ್ಲಿ ನೀರ್ ನಿಂತ್ರೆ ಉಸ್ರು ಕಟ್ತದೆ ಅಂದವ್ರೆ ಡಾಕ್ಟ್ರು. ಸೋಮ್ವಾರದ್ ಗಂಟ ಅವ್ರಿಗೆ ಕುಡಿಯಕ್ಕೆ ಇನ್ನರ್ಧ ಲೋಟ ಕಮ್ಮಿ ಕೊಡ್ತೀನಿ."

ಅವರು ಎದುರಿಗೆ ಕುಳಿತಿರುವಾಗಲೇ ಹೊಸ ಹಾಳೆ ತೆಗೆದು, ಆ ಮಾತನ್ನೇ ಮೊದಲ ಸಾಲಾಗಿ ಬರೆದೆ.