ಸಪ್ನಾ ಕಟ್ಟಿದ ಸೇತುವೆ, ಯಾರೂ ದಾಟದ್ದು

ಚಾದರಕ್ಕೆ ಬೆಲೆ ಕಟ್ಟುವ ಮೊದಲು ಸಾಯಬಣ್ಣ ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾನೆ. ಸೋಲಾಪುರದ ತನ್ನ ಅಂಗಡಿಗೆ ಕಂಪ್ಯೂಟರಿನ ಕೆಲಸ ಕೇಳಿಕೊಂಡು ಬಂದ ಸಪ್ನಾಳನ್ನೂ ಹಾಗೆಯೇ ಅಳೆದ. ಅಕ್ಕಲಕೋಟ ತಾಲೂಕಿನ ಹನ್ನೂರಿನ ಕುರಿಗಾರರ ಮನೆಯ ಹುಡುಗಿ, ವಯಸ್ಸು ಇಪ್ಪತ್ತಾರು. ಥಳಕಿಲ್ಲ, ಆದರೆ ಒಗೆದರೆ ಬಣ್ಣ ಬಿಡುವ ಮಾಲೂ ಅಲ್ಲ. ಗಿರಾಕಿ ರೇಗಿದರೆ ಕಣ್ಣು ಪಿಳುಕಿಸದೆ ನಿಲ್ಲುತ್ತಾಳೆ. ನೇಯ್ಗೆಯಲ್ಲಿ ಕಂಡ ಕುಂದು ಒಂದೇ: ಬಿಡುವು ಸಿಕ್ಕರೆ ಹಳೆಯ ಬಿಲ್ಲುಗಳ ಹಿಂಬದಿಗೆ ನದಿ, ಗುಡ್ಡ, ಕೋಟೆ ಗೀಚುತ್ತಾಳೆ.

"ಏನವ್ವಾ ಇದು, ಜಾಗಾ ಖರೀದಿ ಮಾಡಾಕತ್ತೀಯೇನ?"

"ಆಟ ಕಾಕಾ. ಮೇಜಿನ ಸುತ್ತ ಕೂತು ಆಡೂದು. ನಾ ಒಂದು ಊರು ಕಟ್ಟಿಡ್ತೀನಿ. ಒಬ್ಬಾಕಿ ಬಿಲ್ಲುಗಾತಿ ಆಗ್ತಾಳ, ಒಬ್ಬಾಂವ ಕಳ್ಳ. ಏನ್ ಮಾಡ್ತೀವಂತ ಅವ್ರೇ ಹೇಳ್ತಾರ. ಆಗ್ತದೋ ಇಲ್ಲೋ ಇಪ್ಪತ್ತು ಮುಖದ ದಾಳ ಹೇಳ್ತದ."

ರವಿವಾರ ಗೋದಾಮು ಹೇಗೂ ಖಾಲಿ. ಸಾಯಬಣ್ಣ ಅದನ್ನು ಅವಳ ಗೆಳೆಯರ ಆಟಕ್ಕೆ ಬಿಟ್ಟುಕೊಟ್ಟ. ಆದರೆ ಪುಕ್ಕಟೆ ಕೊಟ್ಟ ಅಭ್ಯಾಸ ಅವನಿಗಿಲ್ಲ. ತಾನೂ ಆಟಕ್ಕೆ ಕೂರಬೇಕೆಂದು ಶರತ್ತು ಹಾಕಿದ. ಕೂತು ವ್ಯಾಪಾರಿಯ ವೇಷವನ್ನೇ ಆರಿಸಿಕೊಂಡ.

ಶರತ್ತಿನ ಹಿಂದೆ ಬೇರೆ ಆಸೆಯಿತ್ತು. ಆಡಲು ಬರುವವರಲ್ಲಿ ಅವನ ತಮ್ಮ ಕಾಂತೇಶನ ಮಗಳು ಸೋನಾಲಿ ಒಬ್ಬಳು. ಅಪ್ಪನ ಅಂಗಡಿ ಪಾಲಾಗಿ ನಡುವೆ ಪ್ಲೈವುಡ್ ಗೋಡೆ ಎದ್ದಾಗಿನಿಂದ, ಆರು ವರ್ಷ, ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರು. ಏನಿದ್ದರೂ "ಅವ್ರಿಗೆ ಹೇಳ್ರಿ" ಎಂದು ಮೂರನೆಯವರ ಕಡೆ ತಿರುಗಿ ಹೇಳುವುದು. ಎದುರಿಗೇ ನಿಂತಿದ್ದರೂ ಹಾಗೆಯೇ. ತಮ್ಮನ ಸುದ್ದಿ ಮಗಳ ಬಾಯಿಂದಲಾದರೂ ಬೀಳಲಿ ಎಂಬುದು ಸಾಯಬಣ್ಣನ ಲೆಕ್ಕ.

ಮೊದಲ ರವಿವಾರಕ್ಕೆ ಸಪ್ನಾ ಹದಿನೈದು ದಿನ ದುಡಿದು ಒಬ್ಬ ದರೋಡೆಕೋರನನ್ನು ತಯಾರು ಮಾಡಿದ್ದಳು. ಅವನ ಕತ್ತಿ, ಕುದುರೆ, ಕಾದಾಟ, ಎಲ್ಲ ಬರೆದಿಟ್ಟಿದ್ದಳು. ಅವನು ದಾರಿಗೆ ಅಡ್ಡ ಬಂದದ್ದೇ ಸಾಯಬಣ್ಣ ಕೇಳಿದ, "ಯಾವ ಊರಾಂವ? ಯಾರ ಪೈಕಿ?"

"ಕಾಕಾ, ಅಂವ ದರೋಡೆಕೋರ."

"ದರೋಡೆಕೋರಗ ಊರ ಇರಂಗಿಲ್ಲೇನ? ಅವ್ವನ ತವರಮನಿ ಯಾವುದು ಕೇಳು."

ಸಪ್ನಾ ಬಾಯಿಗೆ ಬಂದದ್ದೊಂದು ಹೆಸರು ಹೇಳಿದಳು. ಅರ್ಧ ತಾಸಿನಲ್ಲಿ ದರೋಡೆಕೋರ ಸೋನಾಲಿ ಆಡುವ ಬಿಲ್ಲುಗಾತಿಗೆ ದೂರದ ಸೋದರಮಾವನಾಗಿ, ಎಲ್ಲರ ಜೊತೆ ಊಟಕ್ಕೆ ಕೂತಿದ್ದ. ಕಾದಾಟದ ಹಾಳೆಗಳು ಹಾಗೇ ಉಳಿದವು.

ಊರಿಗೆ ಹೋದಾಗ ಅಜ್ಜಿ ಗಂಗುಬಾಯಿಯ ಮುಂದೆ ಸಪ್ನಾ ಗೋಳು ತೋಡಿಕೊಂಡಳು. ವರ್ಷಾ ವರ್ಷ ಹಿಂಡಿನ ಜೊತೆ ಊರೂರು ತಿರುಗಿದ ಮುದುಕಿ ನಕ್ಕಳು. "ನಿನ್ನ ನಕಾಶೆ ಕುರಿ ಓದ್ಯಾವೇನ? ನೀರು ಎಲ್ಲಿ ಅದ, ಯಾರು ಗೊಬ್ಬರಕ್ಕಂತ ತಮ್ಮ ಹೊಲದಾಗ ಕುರಿ ತರುಬ್ರಿ ಅಂತಾರ, ಯಾರು ಹೊಡ್ಯಾಕ ಬಡಿಗಿ ತಗೊಂಡು ಬರ್ತಾರ, ಇಷ್ಟ ತಿಳಕೊಂಡು ಹೊಂಡು. ಎತ್ತಾಗ ಹೋಗ್ತಾವೋ ಹೋಗ್ಲಿ."

ಅಲ್ಲಿಂದ ಸಪ್ನಾ ಆಟದ ಕಥೆ ಬರೆಯುವುದನ್ನು ಬಿಟ್ಟಳು. ಆಳಿಗೊಂದು ಚೀಟಿ ಮಾಡಿ, ಅವನಿಗೆ ಏನು ಬೇಕು, ಯಾವುದರ ಅಂಜಿಕೆ ಎಂದಷ್ಟೇ ಬರೆದಿಟ್ಟುಕೊಳ್ಳತೊಡಗಿದಳು.

ದಸರೆಯ ಮುಂಚಿನ ರವಿವಾರ ಸೋನಾಲಿಗೆ ಜ್ವರ. ಹೇಳಿಹೋಗಲು ಕಾಂತೇಶನೇ ಬಂದು ಬಾಗಿಲಲ್ಲಿ ನಿಂತ.

"ಹಂಗಾದ್ರ ಅಕಿ ದಾಳ ನೀವ ಒಗೀರಿ, ಕಾಕಾ," ಎಂದು ಸಪ್ನಾ ಕುರ್ಚಿ ಎಳೆದಳು. ಬಾಗಿಲಿಂದಲೇ ತಿರುಗಿ ಹೋಗುವುದು ಅವನಿಗೂ ಸರಿ ಕಾಣಲಿಲ್ಲವೇನೋ, ಕೂತ.

ಆ ದಿನದ ಆಟದಲ್ಲಿ ತುಂಬಿದ ಹೊಳೆಯೊಂದನ್ನು ದಾಟಬೇಕಿತ್ತು. ಸೇತುವೆಯ ಮೇಲೆ ಕಾವಲುಗಾರ ಕಾಯುತ್ತಿದ್ದ. ಸೇತುವೆಗೆ ಸುಂಕವಿದೆ ಎಂದು ತಿಳಿದದ್ದೇ ಸಾಯಬಣ್ಣ ಚಾದರದ ಹೊರೆ ಹೊತ್ತು ನೀರಿಗೇ ಇಳಿದ. ದಾಳ ಒಗೆದ, ಎರಡು ಬಿತ್ತು. ವ್ಯಾಪಾರಿ ತೇಲಿಹೋಗತೊಡಗಿದ. ದಡದಲ್ಲಿ ಹಗ್ಗ ಇದ್ದದ್ದು ಸೋನಾಲಿಯ ಬಿಲ್ಲುಗಾತಿಯ ಕೈಯಲ್ಲಿ, ಅಂದರೆ ಆ ದಿನ ಕಾಂತೇಶನ ಬಳಿ.

ಕಾಂತೇಶ ಸಪ್ನಾಳ ಕಡೆ ತಿರುಗಿದ. "ಹೊರಿ ಬಿಡು ಅಂತ ಅವ್ರಿಗೆ ಹೇಳವಾ."

"ನಾ ಹೊಳಿಯಾಗಿಲ್ಲ ಕಾಕಾ. ಮುಳಗಾಂವ ಅಲ್ಲಿ ಅದಾನ. ಅಂವಗ ಹೇಳ್ರಿ."

ಅವಳು ಚೀಟಿಗಳನ್ನೆಲ್ಲ ಮಗುಚಿಟ್ಟಳು. ಉಳಿದ ಆಟಗಾರರು ಚಹಾದ ಲೋಟ ಎತ್ತಲಿಲ್ಲ. ಸಾಯಬಣ್ಣನಿಗೆ ತಾನು ನಿಜವಾಗಿಯೂ ನೀರು ಕುಡಿಯುತ್ತಿದ್ದೇನೆ ಎನಿಸಿತು.

"ಹೊರಿ ಬಿಡೋ," ಎಂದ ಕಾಂತೇಶ, ಮೇಜನ್ನು ನೋಡುತ್ತ.

"ಹೊಸಾ ಮಾಲು ಅದ."

"ಸಾಯಾಗೂ ಮಾಲಿನ ಚಿಂತಿ. ಬಿಡು, ಹಗ್ಗಾ ಹಿಡಿ."

"ಹಿಡದ್ರ ಎಳೀತೀ?"

"ಬ್ಯಾರೆ ಯಾರ ಎಳೀಬೇಕು?"

ಸಾಯಬಣ್ಣ ಹೊರೆ ಬಿಟ್ಟ. ಕಾಂತೇಶ ಒಗೆದ ದಾಳಕ್ಕೆ ಹದಿನಾರು ಬಿತ್ತು, ವ್ಯಾಪಾರಿ ದಡ ಸೇರಿದ. ಆಟ ಮುಗಿದ ಮೇಲೆ ಇಬ್ಬರೂ ಒಂದೇ ಗಾಡಿಯಲ್ಲಿ, ಸೋನಾಲಿಗೆ ಮೋಸಂಬಿ ತಗೊಂಡು, ಕಾಂತೇಶನ ಮನೆಗೆ ಹೋದರು.

ಮರುದಿನ ಅಂಗಡಿಯಲ್ಲಿ ಸಾಯಬಣ್ಣ ಕೇಳಿದ, "ಖರೇ ಹೇಳು, ನಮ್ಮಿಬ್ರನ್ನ ಮಾತಾಡಸಾಕ ಮೊದ್ಲ ಹಂಚಿಕಿ ಹಾಕಿದ್ಯೇನ?"

"ನಾ ಹಂಚಿಕಿ ಹಾಕಿದ್ದು ಸೇತುವಿಗೆ, ಕಾಕಾ. ಕಾವಲುಗಾರಗ ಮೂರು ಹೆಣ್ಣಮಕ್ಕಳು, ಹಲ್ಲುನೋವು ಎಲ್ಲಾ ಇಟ್ಟಿದ್ದೆ. ಒಬ್ರೂ ಆ ಕಡಿ ಬರಲಿಲ್ಲ." ಅವಳ ದನಿಯಲ್ಲಿ ಸ್ವಲ್ಪ ಬೇಸರವೇ ಇತ್ತು.

ಸಾಯಬಣ್ಣ ಯಾರನ್ನೂ ಸುಮ್ಮನೆ ಹೊಗಳುವವನಲ್ಲ. ಆದರೆ ಅವನ ತಮ್ಮ ಈಗ ಅವನೊಡನೆ ಮಾತಾಡುತ್ತಾನೆ. ಅದಕ್ಕೆ ಅವನು ಸಪ್ನಾಳಿಗೆ ಋಣಿ.