ಐದು ವಿಶಲ್ ಎಂದರೆ ಎಷ್ಟು ನಿಮಿಷ?

ಗಲ್ಫಿನ ಅಲ್ ಬರ್ಷಾದಲ್ಲಿ ಮಗಳ ಮನೆಯಲ್ಲಿರುವ ಉಡುಪಿಯ ರಾಜೀವಿಯಕ್ಕ ಮೆಲ್ವಿನ್‌ನನ್ನು ಮೊದಲು ಕಂಡದ್ದು ಲಿಫ್ಟಿನಲ್ಲಿ. ನಲವತ್ತರ ಗಂಡಸು, ಟೈ ಕಟ್ಟಿ, ಹೊಸ ಕುಕ್ಕರೊಂದನ್ನು ಕೂಸಿನ ಹಾಗೆ ಅವಚಿಕೊಂಡು ನಿಂತಿದ್ದ.

"ಊರಿಗೆ ಕೊಂಡು ಹೋಗ್ಲಿಕ್ಕಾ?"

"ಅಲ್ಲ ಅಕ್ಕ, ಇದರಿಂದ ನನ್ನನ್ನೇ ಊರಿಗೆ ಕಳಿಸ್ತಾರೆ."

ನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಸಂಗತಿ ಹೊರಬಿತ್ತು. ಅವನು ಜೆಬೆಲ್ ಅಲಿಯ ಪಾತ್ರೆ ಕಂಪನಿಯಲ್ಲಿ, ಕುಕ್ಕರಿನ ಜೊತೆ ಕೊಡುವ ಪುಸ್ತಕವನ್ನು ಬೇರೆ ಬೇರೆ ಭಾಷೆಗೆ ಮಾಡಿಸುವವನು. ಈ ಸಲದ್ದು ಮೆಕ್ಸಿಕೊದ ಹಳ್ಳಿಗಳಲ್ಲಿ ಆಡುವ ನಹುವಾತ್ಲ್. ಅನುವಾದ ಮಾಡುವ ಸಿತ್ಲಾಲಿ ಎಂಬ ಹೆಂಗಸು ಅಲ್ಲಿಂದ ಮೂರು ಸಲ ವಾಪಸು ಕಳಿಸಿದ್ದಳು. ಇವನು ಬರೆದದ್ದು 'ಬೀನ್ಸಿಗೆ ಐದು ವಿಶಲ್'. ಅವಳ ಊರಲ್ಲಿ ವಿಶಲ್ ಎಣಿಸಿ ಬೇಯಿಸುವ ರೂಢಿಯೇ ಇಲ್ಲ; ಗಡಿಯಾರ ನೋಡುತ್ತಾರೆ. ಬರೆದಂತೆ ಇಟ್ಟು ನೋಡಿದರೆ, ಮೊದಲ ವಿಶಲಿಗೇ ಅವಳ ಅತ್ತೆ ಕೋಳಿಯನ್ನೂ ಎತ್ತಿಕೊಂಡು ಅಂಗಳಕ್ಕೆ ಓಡಿದ್ದರಂತೆ.

"ನಿಮಿಷ ಹೇಳಿ ಅಂತಾಳೆ. ಗುರುವಾರದೊಳಗೆ ಆಗದಿದ್ರೆ ಖಲಾಸ್ ಅಂದಿದ್ದಾರೆ ಬಾಸ್."

"ನೀನು ಅಡುಗೆ ಮಾಡ್ತೀಯಾ?"

"ಮೆಸ್ಸಲ್ಲಿ ಊಟ ಅಕ್ಕ."

"ಚಂದ ಉಂಟು! ಕೊಡು ಇಲ್ಲಿ ಕುಕ್ಕರ್."

ಮದುವೆಯಾದಂದಿನಿಂದ ವಿಶಲ್ ಎಣಿಸಿದವರು ರಾಜೀವಿಯಕ್ಕ, ನಿಮಿಷ ನೋಡಿದವರಲ್ಲ. ಮೂರು ದಿನ ಅದೇ ಒಲೆ, ಅದೇ ಉರಿ, ಹಿಂದಿನ ದಿನ ನೆನೆಹಾಕಿದ ಅಷ್ಟೇ ಕಪ್ಪು ಬೀನ್ಸ್. ಉಗಿ ಬಂದಲ್ಲಿಂದ ಐದನೆಯ ವಿಶಲಿನವರೆಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಮಿಷಕ್ಕೊಂದು ಗೀಟು. ಎರಡನೆಯ ದಿನ ಹನ್ನೊಂದನೆಯ ಗೀಟಿಗೆ ಊರಿನಿಂದ ಫೋನ್ ಬಂತು. ಲೆಕ್ಕ ಕೆಟ್ಟಿತೆಂದು, ನೆನೆದು ಉಳಿದಿದ್ದ ಬೇರೆ ಬೀನ್ಸ್ ಇಟ್ಟು ಮೊದಲಿನಿಂದ ಶುರು ಮಾಡಿದರು. ಬೆಂದದ್ದನ್ನೆಲ್ಲ ಮೆಲ್ವಿನ್ ತಿಂದ. ಮೂರನೆಯ ದಿನ ಆಫೀಸಿನಲ್ಲಿ ಅವನ ಪಕ್ಕದವರು ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡರು.

ಬುಧವಾರ ಅಕ್ಕ ಹೇಳಿದರು: "ಬರ್ಕೊ. ಉಗಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತೆರಡು ನಿಮಿಷ."

"ಇಪ್ಪತ್ತೈದು ಹಾಕ್ಲಾ? ನೋಡ್ಲಿಕ್ಕೆ ಚಂದ."

"ನಿನ್ನ ತಲೆ! ಗಂಜಿ ಆಗ್ತದೆ. ಮತ್ತೆ, ಕುಕ್ಕರ್ ಕೂಗಿದ್ರೆ ಹೆದರ್ಬೇಡಿ ಅಂತಲೂ ಬರಿ."

ಗುರುವಾರ ಬೆಳಿಗ್ಗೆ ಸಿತ್ಲಾಲಿಯ ಉತ್ತರ: ಬೀನ್ಸ್ ಸರಿಯಾಗಿ ಬೆಂದಿದೆ, ಅತ್ತೆ ಎರಡು ಸಲ ಬಡಿಸಿಕೊಂಡರು. ಬಾಸ್ ಸಹಿ ಹಾಕಿದರು.

ಸಂಜೆ ಮೆಲ್ವಿನ್ ಅಕ್ಕಿಯ ಚೀಲ ಹಿಡಿದು ಬಾಗಿಲಿಗೆ ಬಂದ. "ಅಕ್ಕಾ, ಕೆಲಸ ಉಳೀತು! ಇನ್ನು ಮೆಸ್ಸು ಬೇಡ, ನಾನೇ ಅನ್ನ ಮಾಡ್ತೇನೆ."

"ಮಾಡು. ನೀರಿನ ಅಳತೆ ನಿನ್ನ ಪುಸ್ತಕದಲ್ಲೇ ಉಂಟಲ್ಲ."

"ಉಂಟು ಅಕ್ಕ. ಆದ್ರೆ ನನ್ನ ಹತ್ರ ಈಗ ಇರುದು ನಹುವಾತ್ಲಿನದ್ದು ಮಾತ್ರ. ಒಂದು ಲೋಟ ಅಕ್ಕಿಗೆ ನೀರೆಷ್ಟು?"