ದೊಡ್ಡವ್ವನ ಗ್ರ್ಯಾಂಡ್

ಸಿಂದಗಿಯ ಬಜಾರದಲ್ಲಿ ಹೊಸದೊಂದು ಸೀರೆ ಅಂಗಡಿ ಶುರುವಾಗಿದೆ. ಬಾಗಿಲ ಮೇಲೆ ‘ಗ್ರ್ಯಾಂಡ್ ಓಪನಿಂಗ್’ ಎಂಬ ಫ್ಲೆಕ್ಸು. ಮಗಳಿಗೆ ಬಾಗೇವಾಡಿಯ ಶಾಲೆಯಲ್ಲಿ ನೌಕರಿ ಸಿಕ್ಕಿದೆ. ಮೊದಲ ದಿನಕ್ಕೊಂದು ಸೀರೆ ಬೇಕೆಂದು ಒಳಗೆ ಹೋದೆವು. ಅವಳು ಸೀರೆ ನೋಡುತ್ತ ಕೂತಳು, ನಾನು ಫ್ಲೆಕ್ಸಿನ ಆ ‘ಗ್ರ್ಯಾಂಡ್’ ಎಂಬ ಮಾತಿನ ಬೆನ್ನು ಹತ್ತಿದೆ.

ನಿಮಗೂ ಗೊತ್ತಿರಬಹುದು, ನಮ್ಮ ಕಡೆ ಈ ಗ್ರ್ಯಾಂಡ್‌ಗೆ ಹೇಳುವವರು ಕೇಳುವವರು ಇಲ್ಲ. ಮದುವೆ ಗ್ರ್ಯಾಂಡ್, ಚಹಾ ಗ್ರ್ಯಾಂಡ್. ಯಾರದೋ ಮಣ್ಣಿಗೆ ಹೋಗಿ ಬಂದವರೂ ‘ಭಾಳ ಮಂದಿ ಕೂಡಿದ್ರು, ಗ್ರ್ಯಾಂಡ್ ಆತ್ರಿ’ ಎನ್ನುತ್ತಾರೆ. ಸತ್ತವನಿಗೆ ಅದರಿಂದ ಏನು ಸುಖವೋ ಕಾಣೆ. ನನ್ನ ಮಟ್ಟಿಗೆ ಮಾತ್ರ ಅದು ಮುದ್ದೇಬಿಹಾಳದ ದೊಡ್ಡವ್ವನ ಮಾತು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ತಾಯಿ ಇಲ್ಲದ ನನ್ನ ಬಾಣಂತನ ಮಾಡಿದವಳು ಅವಳೇ. ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು, ಅಂಗೈಯಗಲದ ಕೂಸು. ನೋಡಲು ಬಂದವರು ತೊಟ್ಟಿಲಲ್ಲಿ ಇಣುಕಿ, ‘ಉಳದ್ರ ಸಾಕವ್ವ’ ಎಂದು ಹೋಗುತ್ತಿದ್ದರು. ಹೊಗಳುವವರಿದ್ದರೂ ದೊಡ್ಡವ್ವ ಬಿಡುತ್ತಿರಲಿಲ್ಲ. ಕೆಟ್ಟ ನೆದರು ತಾಗಿ ಕೂಸಿಗೆ ದೃಷ್ಟಿಯಾದರೆ ಏನು ಗತಿ? ಸ್ವತಃ ಅವಳೇ ಕೂಸನ್ನು ‘ಏ ಮಂಗ್ಯಾ’ ಎಂದು ಕರೆಯುತ್ತಿದ್ದಳು. ಒಂದು ಮಧ್ಯಾಹ್ನ ನನಗೆ ತಡೆಯಲಾಗದೆ ಅತ್ತುಬಿಟ್ಟೆ.

‘ದೊಡ್ಡವ್ವ, ಒಬ್ಬರಾದ್ರೂ ನನ್ನ ಕೂಸು ಚಂದ ಐತಿ ಅನಬಾರದೇನು?’

ಅವಳು ಎದ್ದು ಬಾಗಿಲು ಮುಂದೆ ಎಳೆದುಕೊಂಡಳು. ತೊಟ್ಟಿಲಿಗೆ ಬಗ್ಗಿ ಮೆಲ್ಲಗೆ, ‘ಗ್ರ್ಯಾಂಡ್ ಐತವಾ’ ಎಂದಳು. ‘ಕನ್ನಡದಾಗ ಅಂದ್ರ ನೆದರಿಗೆ ತಿಳೀತೈತಿ. ಇಂಗ್ಲಿಷ್ ಅದಕ್ಕೆಲ್ಲಿ ಬರತೈತಿ?’

ಅಳುತ್ತಲೇ ನಕ್ಕೆ. ಅಂದಿನಿಂದ ಬಂದವರಿಗೆಲ್ಲ ಅವಳದು ಒಂದೇ ಅಪ್ಪಣೆ: ಏನಾದರೂ ಅನ್ನುವುದಿದ್ದರೆ ಗ್ರ್ಯಾಂಡ್ ಅನ್ನಿ. ಪಕ್ಕದ ಮನೆಯ ಖಾಲಾ ಅದಕ್ಕೊಂದು ‘ಮಾಷಾ ಅಲ್ಲಾ’ ಸೇರಿಸಿ ಕಾವಲು ಇಮ್ಮಡಿ ಮಾಡುತ್ತಿದ್ದರು. ಕೂಸು ಉಳಿಯಿತು, ಬೆಳೆಯಿತು. ಹೆದರಿಕೆ ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ. ಮಗಳು ಹೊಸ ಬಟ್ಟೆ ಹಾಕಿದರೂ, ಪರೀಕ್ಷೆ ಪಾಸಾದರೂ ಗ್ರ್ಯಾಂಡ್ ಎಂದೇ ಅಂದೆ. ಅದರಾಚೆ ನಾಲಿಗೆ ಹೊರಳಲಿಲ್ಲ. ಈಗ ದೊಡ್ಡವ್ವನೂ ಇಲ್ಲ.

‘ಅವ್ವ, ಹೆಂಗ ಕಾಣ್ತೇನಿ?’

ಹಸಿರು ಇಳಕಲ್ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಮಗಳು ಕನ್ನಡಿಯ ಮುಂದೆ ನಿಂತಿದ್ದಳು. ನನಗಿಂತ ಎತ್ತರ ಬೆಳೆದ ಹುಡುಗಿ. ಅಂಗಡಿಯ ತುಂಬ ಮಂದಿ. ಹಳೆಯ ಗ್ರ್ಯಾಂಡ್ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

‘ಭಾಳ ಚಂದ ಕಾಣ್ತಿ’ ಎಂದೆ, ಎಲ್ಲರಿಗೂ ಕೇಳುವಂತೆ.

ಅವಳು ಕನ್ನಡಿ ಬಿಟ್ಟು ನನ್ನನ್ನೇ ನೋಡಿದಳು.

‘ಇನ್ನೊಮ್ಮೆ ಅನ್ನವ್ವ’ ಎಂದಳು.